ಸಹಿಗೆ ಮೊದಲೊಂದು ಚಾ

ನಮ್ಮ ವಕೀಲೆ ಆಪಾರ ಕನ್ನಡಕದ ಎಡಗಡೆಯ ಕಡ್ಡಿ ಮುರಿದು ಎಷ್ಟು ಕಾಲವಾಗಿತ್ತೋ ನನಗೆ ಗೊತ್ತಿಲ್ಲ. ನಾನು ಕಂಡಾಗಿನಿಂದ ಆ ಜಾಗದಲ್ಲಿ ಫೈಲಿಗೆ ಕಟ್ಟುವ ಹಸಿರು ಟ್ಯಾಗು ಇತ್ತು. ಅದರ ಒಂದು ತುದಿಯನ್ನು ಕನ್ನಡಕಕ್ಕೆ ಬಿಗಿದಿದ್ದರು. ಇನ್ನೊಂದು ತುದಿ ಕಿವಿಯನ್ನು ಸುತ್ತಿ ಬಂದು ಕೆನ್ನೆಯ ಮೇಲೆ ನೇತಾಡುತ್ತಿತ್ತು. ಚಾ ಕುಡಿಯಲು ಬಗ್ಗಿದರೆ ಆ ತುದಿಯ ತಗಡು ಲೋಟಕ್ಕೆ ತಾಗಿ ಟಿಣ್ ಎನ್ನುತ್ತಿತ್ತು. ಕಪ್ಪು ಕೋಟು ಹಾಕಿಕೊಂಡು ನ್ಯಾಯಾಧೀಶರ ಎದುರು ನಿಂತಾಗಲೂ ಅದೇ ಅವತಾರ. ಹೊಸದು ಮಾಡಿಸಬಾರದೇ ಎಂದು ಕೇಳಿದರೆ, "ಕಣ್ಣು ಕಾಣ್ತದಲ್ಲ, ಕಿವಿಗೆ ಎಂತಕ್ಕೆ ಶೋಕಿ?" ಎನ್ನುತ್ತಿದ್ದರು.

ಅವರು ಯಲ್ಲಾಪುರದ ಲಾರಿ ಮನೆತನದವರು. ಅಪ್ಪನಿಗೆ ಲಾರಿ, ತಮ್ಮಂದಿರಿಗೆ ಲಾರಿ, ಇವರಿಗೆ ಮಾತ್ರ ಕಾಯ್ದೆ ಪುಸ್ತಕ. ಮದುವೆಯಾಗಿರಲಿಲ್ಲ. ಶಿರಸಿಯಲ್ಲಿ ವಕೀಲಿಕೆ ಮಾಡುತ್ತ, ಆಫೀಸಿನ ಹಿಂದಿನ ಒಂದು ಕೋಣೆಯಲ್ಲೇ ಇದ್ದುಕೊಂಡು, ಶನಿವಾರ ಬಂತೆಂದರೆ ಯಲ್ಲಾಪುರದ ಬಸ್ಸು ಹತ್ತುತ್ತಿದ್ದರು. ಕೋರ್ಟಿನಲ್ಲಿ ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಶುರು ಮಾಡಿದೆ. "ಮೇಡಂ ಅಂದ್ರೆ ನಾನು ಫೀಸು ಕೇಳ್ಬೇಕಾಗ್ತದೆ ಮಾರಾಯ್ತಿ, ಆಪಾ ಅನ್ನು" ಎಂದರು. ಮುಸ್ಲಿಮರ ಮನೆಗಳಲ್ಲಿ ಆಪಾ ಅಂದರೆ ಅಕ್ಕ. ಅಕ್ಕ ಇಲ್ಲದ ನನಗೆ ಹಾಗೊಬ್ಬರು ಸಿಕ್ಕಿದರು.

ನನ್ನ ಗೊಂದಲ ಮಾತ್ರ ಅವರು ಸಿಗುವುದಕ್ಕೂ ಮೊದಲೇ ಶುರುವಾಗಿತ್ತು. ಡಿಗ್ರಿ ಮುಗಿಸಿ, ಮದುವೆಯಾಗಿ ಶಿರಸಿಗೆ ಬಂದು, ಏನು ಮಾಡುವುದೆಂದು ತಿಳಿಯದೆ ಕೂತಿದ್ದೆ. ಆಗ, ಜನರಿಗೆ ಕಾನೂನಿನ ಮಾಹಿತಿ ಕೊಡಲು ಪ್ಯಾರಾ ಲೀಗಲ್ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಕಾನೂನು ಸೇವಾ ಸಮಿತಿಯ ಪ್ರಕಟಣೆ ಕಂಡಿತು. ಕಾನೂನು ಓದಿರಬೇಕಾಗಿಲ್ಲ, ತರಬೇತಿ ಅವರೇ ಕೊಡುತ್ತಾರೆ ಎಂದಿತ್ತು. ಅರ್ಜಿ ಹಾಕಿದೆ. ನಮ್ಮತ್ತೆಗೆ ಅದೇನೆಂದು ವಿವರಿಸಲು ಹೋಗಿ ಸೋತೆ. ಅವರು ನೆರೆಮನೆಯವರಿಗೆ, "ನಮ್ಮ ಸೊಸೆ ವಕೀಲಿ ಅಲ್ಲ, ಆದ್ರೆ ಕೋರ್ಟಿಗೆ ಹೋಗ್ತದೆ" ಎಂದು ಹೇಳಿದರು. ನನ್ನ ಮೇಲೆ ಏನೋ ಕೇಸಿದೆ ಎಂದು ಆ ಕೇರಿಯವರು ಬಹಳ ದಿನ ತಿಳಿದಿದ್ದರು.

ತರಬೇತಿಯಲ್ಲಿ ಒಬ್ಬೊಬ್ಬರಾಗಿ ಬಂದು ಒಂದೊಂದು ಕಾಯ್ದೆ ಹೇಳಿ ಹೋದರು. ಮೂಲಭೂತ ಹಕ್ಕು, ಜೀವನಾಂಶ, ಬಾಲ್ಯವಿವಾಹ, ಲೋಕ ಅದಾಲತ್ತು. ಎಲ್ಲರೂ ತಪ್ಪದೆ ಹೇಳಿದ ಮಾತು ಒಂದೇ: "ನೀವು ಮಾಹಿತಿ ಕೊಡಬೇಕು, ಸಲಹೆ ಕೊಡಬಾರದು. ಸಲಹೆ ವಕೀಲರ ಕೆಲಸ." ಎರಡಕ್ಕೂ ಏನು ವ್ಯತ್ಯಾಸ ಎಂದು ನಾನು ಎದ್ದು ನಿಂತು ಕೇಳಿದೆ. "ಅದು ಅನುಭವದಿಂದ ಬರುತ್ತದೆ" ಎಂದರು, ಅಷ್ಟರಲ್ಲಿ ಊಟದ ಹೊತ್ತಾಯಿತು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದೇನೆ.

ಕುತ್ತಿಗೆಗೆ ಗುರುತಿನ ಚೀಟಿ ಹಾಕಿ, ಕೋರ್ಟಿನ ಬಾಗಿಲಲ್ಲಿ ಒಂದು ಮೇಜು ಕೊಟ್ಟು ಕೂರಿಸಿದರು. ಬಂದವರಲ್ಲಿ ಹೆಚ್ಚಿನವರು ಜೆರಾಕ್ಸ್ ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರು, ಅದನ್ನು ಧೈರ್ಯವಾಗಿ ಹೇಳುತ್ತಿದ್ದೆ. ಒಂದು ದಿನ ಕಂಬಳಿ ಹೆಗಲಿಗೇರಿಸಿದ ಒಬ್ಬ ಬಂದು, ಹೆಂಡತಿ ತವರಿಗೆ ಹೋದವಳು ಬರುತ್ತಿಲ್ಲ ಎಂದ. ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವನು ಪೂರ್ತಿ ಕೇಳಿ, "ಹಂಗಾರೆ ನಾ ಈಗ ಮನೆಗೆ ಹೋಗ್ಲಾ, ಇಲ್ಲೇ ಕೂರ್ಲಾ?" ಎಂದ. ಹೋಗು ಅಂದರೆ ಸಲಹೆ, ಕೂರು ಅಂದರೂ ಸಲಹೆ. ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ ಹಸಿರು ಟ್ಯಾಗಿನ ಹೆಂಗಸು, "ಊಟ ಆಯ್ತನಾ? ಮೊದ್ಲು ಊಟ ಮಾಡ್ಕಂಡು ಬಾ" ಎಂದರು. ಅವನು ಸಮಾಧಾನದಿಂದ ಹೋದ.

"ಇದು ಮಾಹಿತಿಯಾ, ಸಲಹೆಯಾ ಮೇಡಂ?" ಎಂದೆ. ಅವರು ನಕ್ಕರು. ಆಪಾರ ನಗುವಿಗೆ ಶಬ್ದವಿರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿದ್ದವು. "ನಂಗೂ ಗೊತ್ತಿಲ್ಲ. ಹಸಿದವನಿಗೆ ಎರಡೂ ಕಿವಿಗೆ ಹೋಗೂದಿಲ್ಲ, ಅದು ಗೊತ್ತು."

ಕೋರ್ಟಿನ ಮೇಜಿನ ಅವಧಿ ಮುಗಿದ ಮೇಲೆ ಅವರು ನನ್ನನ್ನು ತಮ್ಮ ಆಫೀಸಿಗೆ ಸೇರಿಸಿಕೊಂಡರು. ನಕಲಿಗೆ ಅರ್ಜಿ ಹಾಕುವುದು, ತಾರೀಖು ನೋಡಿಕೊಳ್ಳುವುದು, ಫೈಲು ಹೊಲಿಯುವುದು, ಬಂದವರ ಕತೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ದಾವೆಯನ್ನು ಹಿಂದಿನ ಪುಟದಿಂದ ಓದು ಎಂದು ಕಲಿಸಿದರು. ಏನು ಬೇಕು ಎನ್ನುವುದನ್ನು ಜನ ಕೊನೆಯಲ್ಲಿ ಹೇಳುತ್ತಾರೆ, ಅದು ತಿಳಿದರೆ ಮೊದಲಿನ ಸಿಟ್ಟೆಲ್ಲ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ಅವಸರ ಮಾಡಿದರೆ ಅವರ ಬಾಯಲ್ಲಿ ಲಾರಿ ಬರುತ್ತಿತ್ತು: "ಅರಬೈಲು ಘಟ್ಟದಲ್ಲಿ ಗೇರು ತಪ್ಪಿಸಿ ಇಳಿದವರು ಬೇಗ ಮುಟ್ತಾರೆ. ಎಲ್ಲಿಗೆ ಅಂತ ಕೇಳ್ಬೇಡ."

ಇಲ್ಲಿ ನನ್ನ ಸ್ವಂತದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತವರು ಕಾನಸೂರಿನ ಹತ್ತಿರ. ಅಜ್ಜ ಗೇಣಿಗೆ ಮಾಡಿ, ಅಪ್ಪನ ಕಾಲಕ್ಕೆ ಸ್ವಂತಕ್ಕಾದ ಗದ್ದೆ. ಅವ್ವ ಮೊದಲೇ ಹೋಗಿದ್ದಳು, ನಾನು ಆಪಾರ ಹತ್ತಿರ ಸೇರಿದ ವರ್ಷ ಅಪ್ಪನೂ ಹೋದ. ಉಳಿದವರು ಅಣ್ಣ ಮತ್ತು ನಾನು. ಅಣ್ಣ ಕೆಟ್ಟವನಲ್ಲ. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದವನು. ಅಪ್ಪನ ವರ್ಷಾಂತಿಕ ಮುಗಿದ ಮೇಲೆ ಅವನು, "ತಂಗಿ, ಅವಸರ ಎಂತದೂ ಇಲ್ಲೆ. ಒಂದಿನ ಬಂದು ಸಹಿ ಮಾಡಿ ಹೋಗು, ಖಾತೆ ಒಂದೇ ಹೆಸ್ರಿಗೆ ಆದ್ರೆ ಸಲೀಸು" ಎಂದ. ನಾನು ಆಯ್ತು ಎಂದೆ. ಮರುದಿನ ಆಫೀಸಿಗೆ ಬಂದು, ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಯಾರಿಗೋ ಮಾಹಿತಿ ಕೊಟ್ಟೆ.

ನಮ್ಮ ಕಡೆ ಈ ಸಹಿಗೊಂದು ಕ್ರಮವಿದೆ. ಅಣ್ಣತಮ್ಮಂದಿರು ಕಾರು ಮಾಡಿಕೊಂಡು ಬಂದು ತಂಗಿಯನ್ನು ಕರೆದೊಯ್ಯುತ್ತಾರೆ. ಮೊದಲು ಬಟ್ಟೆ ಅಂಗಡಿ, ಒಂದು ಒಳ್ಳೆಯ ಸೀರೆ. ಆಮೇಲೆ ವಕೀಲರಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರ, ನೋಂದಣಿ ಕಚೇರಿಯಲ್ಲಿ ಸಹಿ ಮತ್ತು ಹೆಬ್ಬೆಟ್ಟು, ಹೋಟೆಲಿನಲ್ಲಿ ಊಟ, ಗಂಡನ ಮನೆಗೆ ವಾಪಸ್ಸು. ಯಾರೂ ಯಾರಿಗೂ ಗದರುವುದಿಲ್ಲ. ಎಲ್ಲರೂ ನಗುನಗುತ್ತಲೇ ಇರುತ್ತಾರೆ. ಪಾಲು ಕೇಳಿದರೆ ತವರು ಹೋಗುತ್ತದೆ ಎನ್ನುವುದು ಆ ಹೆಂಗಸಿಗೂ ಗೊತ್ತಿರುತ್ತದೆ, ಅವರಿಗೂ ಗೊತ್ತಿರುತ್ತದೆ.

ಆಪಾರೂ ಇಂಥ ಪತ್ರ ಬರೆಯುತ್ತಿದ್ದರು. ಆದರೆ ಬರೆಯುವ ಮೊದಲು ತಂಗಿಯಾದವಳ ಜೊತೆ ತಾವೊಬ್ಬರೇ ಕೂತು ಒಂದು ಚಾ ಕುಡಿಯಬೇಕು, ಅದು ಅವರ ಷರತ್ತು. ಅಣ್ಣಂದಿರನ್ನು ಹೊರಗಿನ ಬೆಂಚಿನಲ್ಲಿ ಬಿಟ್ಟು, ಆಕೆಯನ್ನು ಹಿಂದಿನ ಬಾಲ್ಕನಿಗೆ ಕರೆದೊಯ್ಯುತ್ತಿದ್ದರು. ಚಾ ಒಯ್ದುಕೊಟ್ಟು ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. "ನಾವು ಫೀಸು ಕೊಟ್ಟದ್ದು ಚಾ ಕುಡಿಸೂಕಾ?" ಎಂದು ಗೊಣಗಿದವರಿದ್ದಾರೆ. ಬಾಲ್ಕನಿಯಲ್ಲಿ ಮಕ್ಕಳ ವಿಷಯ, ಮೊಣಕಾಲು ನೋವಿನ ವಿಷಯ ಎಲ್ಲ ಆಗಿ, ಟ್ಯಾಗು ಲೋಟಕ್ಕೆ ತಾಗಿ ಟಿಣ್ ಎಂದ ಮೇಲೆ ಆಪಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ತವರಿಗೆ ಹೋದ್ರೆ ನೀನು ಯಾವ ಕೋಣೆಲಿ ಮಲಗ್ತಿ?"

ಬಿಳಗಿ ಕಡೆಯ ಒಬ್ಬ ಹೆಂಗಸು, ಸೀರೆಯ ಕವರನ್ನು ಮಡಿಲಲ್ಲಿಟ್ಟುಕೊಂಡು, "ಎಲ್ಲಾದ್ರೂ ಮಲಗ್ತೆ ಅಮ್ಮ. ಚಾಪೆ ಹಾಸಿದ್ರಾತಲ್ಲ" ಎಂದಳು. ಆಪಾ ಎದ್ದು ಹೊರಗೆ ಬಂದು ಅಣ್ಣಂದಿರಿಗೆ, "ಈ ಪತ್ರ ನಾನು ಬರೆಯೂದಿಲ್ಲ" ಎಂದುಬಿಟ್ಟರು. ನನಗೆ ಒಳಗೊಳಗೇ ಹೆಮ್ಮೆ. ಆಕೆಗೆ ಪಾಲಿನ ವಿಷಯವೆಲ್ಲ ನಾನೇ ತಿಳಿಸಿ ಹೇಳಿದೆ. ಮುಂದೆ ಆಕೆ ಒಂದು ತುಂಡು ಗದ್ದೆ ಬರೆಸಿಕೊಂಡಳು. ಅಂದಿನಿಂದ ಅಣ್ಣಂದಿರು ಅವಳ ಮಗಳ ಮದುವೆಗೂ ಬರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಗದ್ದೆ ಉಂಟು ತಂಗಿ, ಹೋಗಾಕೆ ಮನೆ ಇಲ್ಲೆ" ಎಂದಳು. ಬೈದದ್ದೋ, ಸುದ್ದಿ ಹೇಳಿದ್ದೋ ತಿಳಿಯಲಿಲ್ಲ.

ಇನ್ನೊಬ್ಬಳು ಹುಲಗೋಳದಿಂದ ಬಂದವಳು. ಅದೇ ಪ್ರಶ್ನೆಗೆ ಅವಳ ಮುಖ ಅರಳಿತು. "ಅಡುಗೆಮನೆ ಪಕ್ಕದ್ದು. ಅದ್ರ ಕಿಟಕಿ ಬಾಗ್ಲು ಸರಿ ಕೂರೂದಿಲ್ಲೆ, ನಾ ಹೋದಾಗ ಅಣ್ಣ ಪೇಪರ್ ಮಡ್ಚಿ ಸಿಕ್ಸಿ ಕೊಡ್ತ" ಎಂದಳು. ಆಪಾ ಆ ಪತ್ರವನ್ನು ತಾವೇ ಕೂತು ಬರೆದರು. ನನಗೆ ತಲೆ ಕೆಟ್ಟುಹೋಯಿತು. ಕಾಯ್ದೆಯಲ್ಲಿ ಕೋಣೆಯ ವಿಷಯ ಎಲ್ಲಿದೆ, ಪಾಲು ಎಲ್ಲರಿಗೂ ಒಂದೇ ಅಲ್ಲವೇ ಎಂದು ಜಗಳಕ್ಕೇ ನಿಂತೆ. "ಪಾಲು ಎಲ್ಲರಿಗೂ ಒಂದೇ. ಅಣ್ಣ ಎಲ್ಲರಿಗೂ ಒಂದೇನಾ?" ಎಂದರು. ಆ ಮಾತು ಸರಿ ಎನಿಸಿತು. ನಾನೂ ಮನಸ್ಸಿನಲ್ಲೇ ನನ್ನ ಕೋಣೆಯನ್ನು ಹುಡುಕಿದೆ. ಸಿಕ್ಕಿತು, ಅಟ್ಟದ ಏಣಿಯ ಪಕ್ಕದ್ದು. ಹಾಗಾದರೆ ಸಹಿ ಮಾಡಬಹುದು ಎಂದುಕೊಂಡೆ.

ಮಾಡುತ್ತಿದ್ದೆನೋ ಏನೋ. ಆದರೆ ಹುಲಗೋಳದವಳು ಮತ್ತೆ ಬಂದಳು. ಈ ಸಲ ಒಬ್ಬಳೇ, ಹಣೆ ಬರಿದಾಗಿತ್ತು. ಗಂಡ ತೀರಿಕೊಂಡಿದ್ದ, ಅವನ ಮನೆಯಲ್ಲಿ ಹೊಂದಿಕೆಯಾಗದೆ ತವರಿಗೆ ಹೋಗಿದ್ದಳು. ಅಷ್ಟರಲ್ಲಿ ಅಣ್ಣ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದ. "ಚಂದ ಕಟ್ಸಿದ್ದ ಅಮ್ಮ. ಎಲ್ಲರಿಗೂ ಒಂದೊಂದು ಕೋಣೆ. ನಂದು ಮಾತ್ರ ಕಾಣ್ಲಿಲ್ಲೆ. ಯಾವಾಗ ಹೋಗ್ತೆ ಅಂತ ಅತ್ಗೆ ದಿನಾ ಕೇಳ್ತು" ಎಂದಳು. ಅಳಲಿಲ್ಲ. ಆಪಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಸಣ್ಣ ಮುಖ.

ಕಾಯ್ದೆಯಂತೆ ಅದು ಮುಗಿದ ವಿಷಯ. ಅವಳು ಒಪ್ಪಿ, ತಿಳಿದು, ಸಹಿ ಮಾಡಿದ್ದಳು. ಆದರೂ ಮರುದಿನ ಆಪಾ ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಹುಲಗೋಳಕ್ಕೆ ಹೋದರು. ಅಣ್ಣ ಮರ್ಯಾದೆಯಿಂದಲೇ ಕುರ್ಚಿ ಹಾಕಿದ, ಚಾ ತರಿಸಿದ. ಟೈಲ್ಸಿನ ವಾಸನೆ ಇನ್ನೂ ಹೋಗಿರಲಿಲ್ಲ. "ನಿಮ್ಮ ತಂಗಿ ಇವತ್ತು ಎಲ್ಲಿ ಮಲಗ್ತಾಳೆ?" ಎಂದು ಆಪಾ ನೇರವಾಗಿ ಕೇಳಿದರು.

ಅವನ ಮುಖ ಕೆಂಪಾಯಿತು. "ಅಲ್ಲ ಮೇಡಂ, ಪತ್ರ ಬರೆದವ್ರು ನೀವೇ. ದುಡ್ಡು ತಕಂಡವ್ರು ನೀವೇ. ಈಗ ಕೇಳೂಕೆ ಬಂದವ್ರೂ ನೀವೇ. ನೀವು ಯಾರ ಬದಿ ವಕೀಲ್ರು?"

ಕೋರ್ಟಿನಲ್ಲಿ ಒಂದಕ್ಕೆರಡು ಮಾತು ತಿರುಗಿ ಕೊಡುತ್ತಿದ್ದ ಹೆಂಗಸು ಅಲ್ಲಿ ಲೋಟದೊಳಗೆ ನೋಡುತ್ತ, "ಅದೇ ನಂಗೂ ಗೊತ್ತಾಗ್ತಾ ಇಲ್ಲ" ಎಂದರು. ನಾವು ಎದ್ದು ಬಂದೆವು. ಅವಳಿಗೆ ಮುಂದೆ ಶಿರಸಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಕೊಡಿಸಿದವರು ಆಪಾರೇ. ಅಲ್ಲಿ ಮಲಗಲು ಒಂದು ಕೋಣೆಯೂ ಇದೆ. ಆದರೆ ಅದು ತವರಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಪಾ, "ನಾನು ಕೇಳ್ತಾ ಇದ್ದ ಪ್ರಶ್ನೆ ಸರಿ ಇಲ್ಲ ತಂಗಿ" ಎಂದರು. "ಇವತ್ತು ಕೋಣೆ ಇದೆಯಾ ಅಂತ ಕೇಳಿದೆ. ಕೇಳ್ಬೇಕಾದ್ದು ಬೇರೆ ಎಂತದೋ ಇದೆ. ಗೊತ್ತಾದ್ರೆ ಹೇಳ್ತೇನೆ, ನಿಂಗೆ ಗೊತ್ತಾದ್ರೆ ನೀ ಹೇಳು." ನನಗೆ ದಿಗಿಲಾಯಿತು. ಕಲಿಸುವವರೇ ಗೊತ್ತಿಲ್ಲ ಎಂದರೆ ಕಲಿಯುವವಳು ಯಾರನ್ನು ಹಿಡಿದುಕೊಳ್ಳಬೇಕು? ಆದರೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದೂ ಅವತ್ತೇ.

ಆಮೇಲೂ ಬಾಲ್ಕನಿಯ ಚಾ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ಬದಲಾಗುತ್ತಲೇ ಇತ್ತು. ಒಬ್ಬಳಿಗೆ, ಜ್ವರ ಬಂದರೆ ಮೊದಲು ಯಾರಿಗೆ ಫೋನು ಮಾಡುತ್ತಿ ಎಂದು ಕೇಳಿದರು. ಇನ್ನೊಬ್ಬಳಿಗೆ, ಅತ್ತಿಗೆ ನಿನ್ನ ತಟ್ಟೆಗೆ ಹೇಗೆ ಬಡಿಸುತ್ತಾಳೆ ಎಂದು. ಯಾವುದೂ ಅವರಿಗೆ ಸಮಾಧಾನ ಕೊಡಲಿಲ್ಲ. ಉತ್ತರ ಏನೇ ಬಂದರೂ ಕೊನೆಗೆ ಆಕೆಗೇ ಬಿಟ್ಟುಬಿಡುತ್ತಿದ್ದರು. ಒಂದು ಮಧ್ಯಾಹ್ನ ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಆಪಾ, ನಿಮ್ಮಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಅಂತ ಇದೆಯಲ್ಲ. ನೀವು ತಗೊಂಡ್ರಾ, ಬಿಟ್ರಾ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಂಗೆ ಬೇಕಾದ್ದು ಮಾಹಿತಿಯಾ, ಸಲಹೆಯಾ?"

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಅಪ್ಪಣೆ. ಸಹಿ ಮಾಡು ಅಂದರೆ ಮಾಡುತ್ತಿದ್ದೆ, ಬೇಡ ಅಂದರೆ ಬಿಡುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಹೆಗಲು ಕುಣಿಸುತ್ತ ಫೈಲಿನ ಕಡೆ ತಿರುಗಿದರು.

ಅವರು ಹೋದದ್ದು ಒಂದು ಭಾನುವಾರ, ಯಲ್ಲಾಪುರದ ಮನೆಯಲ್ಲಿ, ಹೃದಯ ನಿಂತು. ಸೋಮವಾರ ನಾನು ಎಂದಿನಂತೆ ಆಫೀಸಿನ ಬೀಗ ತೆಗೆದು, ಎರಡು ಚಾ ಹೇಳಿ, ಕಾಯುತ್ತ ಕೂತಿದ್ದಾಗ ಫೋನು ಬಂತು. ಕೆಲವು ದಿನ ಕಳೆದು ಯಲ್ಲಾಪುರಕ್ಕೆ ಹೋದೆ. ದೊಡ್ಡ ಮನೆ, ಅಂಗಳದಲ್ಲಿ ಲಾರಿ ನಿಂತಿತ್ತು. ಅವರ ತಮ್ಮನ ಹೆಂಡತಿ ಒಳಗೆ ಕರೆದು, "ಬಾ, ಆಪಾನ ಕೋಣೆ ತೋರಿಸ್ತೆ" ಎಂದು ನನ್ನ ಕೈ ಹಿಡಿದಳು. ಬೆಳಕು ಚೆನ್ನಾಗಿದ್ದ ಕೋಣೆ. ಮಂಚ, ಮಡಚಿಟ್ಟ ರಜಾಯಿ, ಗೂಟದಲ್ಲಿ ಅವರ ಇನ್ನೊಂದು ಕಪ್ಪು ಕೋಟು. ಕಿಟಕಿಯ ಮೇಲೆ ಹಸಿರು ಟ್ಯಾಗುಗಳ ಒಂದು ಕಟ್ಟು.

ನಾನು ಬಾಗಿಲಲ್ಲೇ ನಿಂತೆ. ಕೋಣೆ ಇತ್ತು. ಪಾಲು ಬಿಟ್ಟಿದ್ದಕ್ಕೆ ಕೋಣೆ ಉಳಿಯಿತೋ, ಪಾಲು ತಗೊಂಡಿದ್ದಕ್ಕೆ ಕೋಣೆ ಇತ್ತೋ? ತಮ್ಮಂದಿರು ಒಳ್ಳೆಯವರಾದ್ದರಿಂದ ಎರಡೂ ಲೆಕ್ಕಕ್ಕೇ ಬರಲಿಲ್ಲವೋ? ಕೇಳಿದ್ದರೆ ಆ ಹೆಂಗಸು ಹೇಳುತ್ತಿದ್ದಳೇನೋ. ಹೊರಡುವಾಗ ಅವಳು ಒಂದು ಟ್ಯಾಗನ್ನು ನನ್ನ ಕೈಗಿಟ್ಟಳು. ಆಗ ಅಳು ಬಂತು.

ಈಗ ಆ ಆಫೀಸನ್ನು ಬೇರೊಬ್ಬ ವಕೀಲರು ನಡೆಸುತ್ತಾರೆ, ನಾನು ಅಲ್ಲೇ ಇದ್ದೇನೆ. ಬಾಲ್ಕನಿಯ ಚಾ ನನ್ನ ಪಾಲಿಗೆ ಬಂದಿದೆ. ಹೊಸ ವಕೀಲರು ಬೇಡ ಎನ್ನಲಿಲ್ಲ, "ಅದೆಂತಕ್ಕೆ?" ಎಂದು ಮಾತ್ರ ಕೇಳಿದರು. ನಾನು ಎರಡು ಚಾ ಹೇಳಿದೆ.

ಹೋದ ತಿಂಗಳು ಅಣ್ಣ ಕಾರು ತೆಗೆದುಕೊಂಡು ಬಂದ. ಹಿಂದಿನ ಸೀಟಿನಲ್ಲಿ ಸೀರೆಯ ಕವರಿತ್ತು. ಕಡು ಹಸಿರು, ನನಗೆ ಯಾವ ಬಣ್ಣ ಸೇರುತ್ತದೆಂದು ಅವನಿಗೆ ಗೊತ್ತು. ಸಿದ್ದಾಪುರದ ನೋಂದಣಿ ಕಚೇರಿಗೆ ಹೊರಟೆವು. ದಾರಿಯಲ್ಲಿ ಅವನು ಅಡಕೆ ರೇಟು, ಮಗನ ಪರೀಕ್ಷೆ ಎಂದು ಏನೇನೋ ಹೇಳುತ್ತಿದ್ದ. ನಾನು ಬಾಲ್ಕನಿಯಲ್ಲಿ ಕೂತ ಹೆಂಗಸರನ್ನೆಲ್ಲ ನೆನೆಯುತ್ತಿದ್ದೆ. ಬಿಳಗಿಯವಳಿಗೆ ಗದ್ದೆ ಇದೆ, ಮನೆ ಇಲ್ಲ. ಹುಲಗೋಳದವಳಿಗೆ ಎರಡೂ ಇಲ್ಲ. ನನಗೆ ಏಣಿಯ ಪಕ್ಕ ಒಂದು ಕೋಣೆ ಇದೆ, ಇವತ್ತಿಗೆ. ಕಾನಸೂರು ಹತ್ತಿರ ಬರುವಾಗ ನನ್ನ ಬಾಯಿಂದ, ನಾನು ಯೋಚಿಸಿಯೇ ಇರದ ಒಂದು ಮಾತು ಬಂತು.

"ಅಣ್ಣ, ನಾ ಸಹಿ ಮಾಡದೇ ಹೋದ್ರೆ ನಿಂಗೆ ಎಂತ ಆಗ್ತು?"

"ಎಂತ ಅಂದ್ರೆ?"

"ಆಗ್ಲೂ ತಂಗಿನೇನಾ?"

ಅಣ್ಣ ಕಾನಸೂರಿನ ಪೇಟೆಯಲ್ಲಿ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದ. ಮುಂದಕ್ಕೆ ಹೋದರೆ ಸಿದ್ದಾಪುರ. ಬದಿಯ ಮಣ್ಣುರಸ್ತೆಗೆ ಇಳಿದರೆ ನಮ್ಮ ಮನೆ. ಅವನು ಕಾರಿನ ಕೀಲಿ ತೆಗೆದು, "ಬಾ, ಒಂದು ಚಾ ಕುಡಿವ" ಎಂದ.

ಕುಡಿದೆವು, ಅಂಗಡಿಯ ಹೊರಗೆ ನಿಂತುಕೊಂಡೇ. ಅವನು ನನ್ನ ಲೋಟದ ಕೆನೆಯನ್ನು ತಾನೇ ಊದಿ ಬದಿಗೆ ಸರಿಸಿ ಕೊಟ್ಟ. ಚಿಕ್ಕಂದಿನಲ್ಲಿ ಹಾಗೆ ಮಾಡುತ್ತಿದ್ದ. ಆಮೇಲೆ ಕಾರನ್ನು ತಿರುಗಿಸಿ, ಮನೆಗೂ ಅಲ್ಲ, ಸಿದ್ದಾಪುರಕ್ಕೂ ಅಲ್ಲ, ನನ್ನನ್ನು ಶಿರಸಿಗೆ ವಾಪಸ್ಸು ತಂದು ಬಿಟ್ಟ. "ನೋಡ್ವ" ಎಂದಷ್ಟೇ ಹೇಳಿ ಹೋದ. ಸೀರೆಯ ಕವರನ್ನು ನಾನೂ ಇಳಿಸಿಕೊಳ್ಳಲಿಲ್ಲ, ಅವನೂ ಕೊಡಲಿಲ್ಲ. ಅಂದಿನಿಂದ ಫೋನಿಲ್ಲ. ದೊಡ್ಡಹಬ್ಬ, ಅಂದರೆ ದೀಪಾವಳಿ, ಹತ್ತಿರ ಬಂತು. ಪ್ರತಿ ವರ್ಷ ಹಬ್ಬಕ್ಕೆ ಬಾ ಎಂದು ಕರೆಯುವವನು ಅವನೇ.

ನನಗೆ ಏನೂ ಗೊತ್ತಾಗುತ್ತಿಲ್ಲ. ಆ ಚಾ ಉತ್ತರವೋ, ಉತ್ತರ ತಪ್ಪಿಸಿಕೊಂಡದ್ದೋ? ಆಪಾ ಇದ್ದಿದ್ದರೆ ಓಡಿಹೋಗಿ ಕೇಳುತ್ತಿದ್ದೆ. ನಂಗೂ ಗೊತ್ತಿಲ್ಲ ಮಾರಾಯ್ತಿ ಎಂದೇ ಅವರು ಹೇಳುತ್ತಿದ್ದರು. ಆದರೆ ಬಸ್ಸಿನಲ್ಲಿ ಅವರು ಹೇಳಿದ ಒಂದು ಕೆಲಸ ನನ್ನ ಮೇಲೆ ಉಳಿದುಕೊಂಡಿದೆ. ಗೊತ್ತಾದರೆ ಹೇಳು ಎಂದಿದ್ದರಲ್ಲ. ಆಪಾ, ಪ್ರಶ್ನೆ ಗೊತ್ತಾಯಿತು, ಅವತ್ತು ಕಾರಿನಲ್ಲಿ ನನ್ನ ಬಾಯಿಂದ ಬಂದದ್ದೇ. ನಿನ್ನೆ ಬಾಲ್ಕನಿಯಲ್ಲಿ ಒಬ್ಬಳಿಗೆ ಅದನ್ನು ಕೇಳಿದೆ. ಅವಳು ಚಾ ಲೋಟ ಕೆಳಗಿಟ್ಟು, ಎದ್ದು ಹೊರಗೆ ಹೋಗಿ, ಬೆಂಚಿನಲ್ಲಿ ಕೂತಿದ್ದ ತನ್ನ ಅಣ್ಣನನ್ನೇ ಕೇಳಿದಳು.